ಕರಡಿಗೆ ಮೊದಲೇ ಗೊತ್ತಾಗಲಿ

ಇಬ್ಬರು ಗೆಳೆಯರು ಮತ್ತು ಕರಡಿಯ ಕಥೆಯನ್ನು ನೀವೆಲ್ಲ ಸಣ್ಣ ತರಗತಿಯಲ್ಲೇ ಓದಿದ್ದೀರಿ. ಕಾಡುದಾರಿಯಲ್ಲಿ ಕರಡಿ ಎದುರಾಗುತ್ತದೆ. ಒಬ್ಬ ಮರ ಹತ್ತುತ್ತಾನೆ. ಇನ್ನೊಬ್ಬ ಉಸಿರು ಬಿಗಿಹಿಡಿದು ನೆಲಕ್ಕೆ ಬೀಳುತ್ತಾನೆ. ಕರಡಿ ಬಂದು ಅವನ ಕಿವಿಯ ಹತ್ತಿರ ಮೂಸಿ ಹೊರಟುಹೋಗುತ್ತದೆ. ಈಸೋಪನ ಹೆಸರಿನಲ್ಲಿ ಗ್ರೀಸ್ ದೇಶದಿಂದ ಬಂದ ಕಥೆ ಇದು. ಗೆಳೆತನದ ಪಾಠಕ್ಕೆ ಚೆನ್ನಾಗಿದೆ, ಪ್ರಾಣಿಶಾಸ್ತ್ರದ ಪಾಠಕ್ಕೆ ಸಾಲದು. ನಮ್ಮ ಕರಡಿ ಮರ ಹತ್ತಬಲ್ಲದು. ‘ಇದು ಹೆಣ’ ಎಂದು ತೀರ್ಮಾನಿಸಿ ಅದು ಮನುಷ್ಯನನ್ನು ಬಿಟ್ಟುಹೋಗುವುದೂ ಅಲ್ಲ. ಅದಕ್ಕಿಂತ ದೊಡ್ಡ ಕೊರತೆಯೆಂದರೆ, ಕಥೆ ಶುರುವಾಗುವುದೇ ಕರಡಿ ಎದುರಾದ ಮೇಲೆ. ಅದಕ್ಕೆ ಮುಂಚಿನ ಐದು ನಿಮಿಷದಲ್ಲಿ ಆ ಗೆಳೆಯರು ಹೇಗೆ ನಡೆದು ಬರುತ್ತಿದ್ದರು, ಕರಡಿ ಏನು ಮಾಡುತ್ತಿತ್ತು, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು? ಕಥೆ ಅದನ್ನು ಹೇಳುವುದಿಲ್ಲ. ಮಾತುಕತೆ ಕಾರ್ಯಕ್ರಮದ ಅರ್ಧ ಗಂಟೆಯಲ್ಲಿ ಬಿಡಿಸಿ ಹೇಳಲು ಹೊತ್ತು ಸಾಲದ ಆ ಐದು ನಿಮಿಷದ ವಿಚಾರವೇ ಈ ಲೇಖನ.

ರಾಯಚೂರು ಜಿಲ್ಲೆಯ ನಕ್ಷೆ ತೆಗೆದು ಸಿಂಧನೂರು ತಾಲ್ಲೂಕಿನ ಸಾಲಗುಂದವನ್ನು ಹುಡುಕಿ. ಇದು ತುಂಗಭದ್ರೆಯ ಎಡದಂಡೆ ಕಾಲುವೆಯ ಸೀಮೆ. ಸುಮಾರು 227 ಕಿ.ಮೀ. ಉದ್ದದ ಆ ಕಾಲುವೆ ಬಂದ ಮೇಲೆ ಕಣ್ಣು ಹಾಯುವಷ್ಟು ದೂರ ಭತ್ತ. ಇಲ್ಲಿ ನಿಂತು ಕರಡಿಯ ಮಾತೆತ್ತಿದರೆ ‘ಎಲ್ಲಿಯ ಕರಡಿ?’ ಎಂದು ನೀವು ನಗಬಹುದು. ಆದರೆ ನಕ್ಷೆಯ ಮೇಲೆ ಬೆರಳನ್ನು ಸ್ವಲ್ಪ ಸರಿಸಿ. ವಾಯವ್ಯಕ್ಕೆ ಮಸ್ಕಿ, ಅದರಾಚೆ ಲಿಂಗಸುಗೂರು: ನೀರಾವರಿಯ ಬಯಲು ಮುಗಿದು ಬಂಡೆಗುಡ್ಡಗಳು ಏಳುತ್ತವೆ. ಪಶ್ಚಿಮಕ್ಕೂ ನೈಋತ್ಯಕ್ಕೂ ಹೋದರೆ ಕನಕಗಿರಿ, ಕುಷ್ಟಗಿ, ಗಂಗಾವತಿ, ಕೊಪ್ಪಳ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವ ತನಕ ಇವೆಲ್ಲ ರಾಯಚೂರು ಜಿಲ್ಲೆಯೇ. ಈ ಗುಡ್ಡಗಳ ಸೀಮೆ ಕರಡಿಯ ಸೀಮೆ. ಲಿಂಗಸುಗೂರಿನ ಮಗ್ಗುಲಲ್ಲೇ ಕರಡಕಲ್ ಎಂಬ ಊರಿದೆ. ಹಳೆಯ ಶಾಸನಗಳಲ್ಲಿ ಅದು ‘ಕರಡಿಕಲ್ಲು’. ಹೆಸರಿನ ಮೂಲದ ಬಗ್ಗೆ ವಿದ್ವಾಂಸರು ಚರ್ಚೆ ಮಾಡಲಿ. ಕರಡಿಗೂ ಕಲ್ಲಿಗೂ ಈ ನಾಡಿನಲ್ಲಿ ನಂಟಿದೆ ಎಂಬುದಕ್ಕಂತೂ ಬೇರೆ ಸಾಕ್ಷಿ ಬೇಡ.

ಆ ನಂಟಿನ ಕಾರಣ ಭೂವಿಜ್ಞಾನದಲ್ಲಿದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಅಲ್ಲಿಂದ ಉತ್ತರಕ್ಕೆ ತುಮಕೂರು ಜಿಲ್ಲೆಯನ್ನು ಹಾಯ್ದು ಹಂಪಿ, ಕೊಪ್ಪಳದ ಸೀಮೆಯವರೆಗೆ ಒಂದು ಗ್ರಾನೈಟ್ ಪಟ್ಟಿ ಹಬ್ಬಿದೆ. ಭೂವಿಜ್ಞಾನಿಗಳು ಅದನ್ನು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ವಯಸ್ಸು ಸುಮಾರು 250 ಕೋಟಿ ವರ್ಷ. ಗ್ರಾನೈಟಿನಲ್ಲಿ ಅಡ್ಡಡ್ಡ, ಉದ್ದುದ್ದ ಬಿರುಕುಗಳಿರುತ್ತವೆ. ಮಣ್ಣಿನಡಿ ಇದ್ದಾಗಲೇ ಬಿರುಕಿಗೆ ನೀರಿಳಿದು ಕಲ್ಲಿನ ಅಂಚು ಮೂಲೆಗಳು ಕೊಳೆತು ಪುಡಿಯಾಗುತ್ತವೆ. ನಡುವಿನ ಗಟ್ಟಿ ಭಾಗ ಗುಂಡಾಗಿ ಉಳಿಯುತ್ತದೆ. ಮುಂದೆ ಮಳೆ ಮಣ್ಣನ್ನು ತೊಳೆದಾಗ ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತೆ ಬಂಡೆಗಳು ಹೊರಬೀಳುತ್ತವೆ. ಬಂಡೆ ಬಂಡೆಗಳ ಸಂದಿಯಲ್ಲಿ ಗವಿಗಳು. ಹೊರಗೆ 40 ಡಿಗ್ರಿ ಬಿಸಿಲಿದ್ದರೂ ಒಳಗೆ ತಂಪು. ಉದ್ದನೆಯ ಕಪ್ಪು ಕೂದಲು ಹೊದ್ದ ಪ್ರಾಣಿಗೆ ಹಗಲು ಕಳೆಯಲು, ಮರಿ ಹಾಕಲು ಇದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಕ್ಕೀತು? ಮನುಷ್ಯರೂ ಇಂಥ ಜಾಗಗಳನ್ನು ಬಿಟ್ಟವರಲ್ಲ. ಅಶೋಕನ ಹೆಸರನ್ನೇ ಹೇಳುವ ಮಸ್ಕಿಯ ಶಾಸನ ಇರುವುದು ಗುಡ್ಡದ ಬಂಡೆಯ ಮೇಲೆ. 1915ರಲ್ಲಿ ಅದನ್ನು ಹೊರಜಗತ್ತಿಗೆ ತಿಳಿಸಿದ ಸಿ. ಬೀಡನ್ ಚಿನ್ನದ ಗಣಿಗಾರಿಕೆಯ ಎಂಜಿನಿಯರು. ಕುರಿ ಕಾಯುವವರು, ಕಟ್ಟಿಗೆಗೆ ಹೋಗುವವರು, ಕಲ್ಲು ಒಡೆಯುವವರು, ಸೀತಾಫಲ ಕೀಳುವವರು ಇಂದಿಗೂ ಹೋಗುವುದು ಅದೇ ಬಂಡೆಗಳ ನಡುವೆಯೇ.

ಇನ್ನು ಕರಡಿಯ ವಿಚಾರ. ಭಾರತದಲ್ಲಿ ನಾಲ್ಕು ಜಾತಿಯ ಕರಡಿಗಳಿವೆ. ಕನ್ನಡದಲ್ಲಿ ನಾವು ಬರೀ ‘ಕರಡಿ’ ಎನ್ನುವುದು ಸ್ಲಾತ್ ಕರಡಿಗೆ. 1791ರಲ್ಲಿ ಇಂಗ್ಲೆಂಡಿನ ಜಾರ್ಜ್ ಶಾ ಇದನ್ನು ಮೊದಲ ಬಾರಿಗೆ ಶಾಸ್ತ್ರೀಯವಾಗಿ ವರ್ಣಿಸಿದಾಗ ಇದು ಕರಡಿಯೆಂದೇ ಅವರಿಗೆ ಅನ್ನಿಸಲಿಲ್ಲ. ಉದ್ದನೆಯ ಬಾಗಿದ ಉಗುರು, ಮೇಲ್ದವಡೆಯ ಮುಂದೆ ಎರಡು ಹಲ್ಲಿಲ್ಲದ ಸಂದಿ. ಇದು ದಕ್ಷಿಣ ಅಮೆರಿಕದಲ್ಲಿ ಮರಕ್ಕೆ ನೇತಾಡುವ ಸ್ಲಾತ್ ಎಂಬ ಸೋಮಾರಿ ಪ್ರಾಣಿಯ ಬಳಗ ಎಂದು ತಿಳಿದರು. ತಪ್ಪು ತಿದ್ದಿಕೊಂಡರೂ ಹೆಸರು ಅಂಟಿಕೊಂಡಿತು. ನಿಜ ನೋಡಿದರೆ ಸೋಮಾರಿತನಕ್ಕೂ ಇದಕ್ಕೂ ಸಂಬಂಧವಿಲ್ಲ. ಓಟದಲ್ಲಿ ನಿಮ್ಮ ಕಾಲೇಜಿನ ಚಾಂಪಿಯನ್ನನ್ನೂ ಇದು ಹಿಂದೆ ಹಾಕುತ್ತದೆ.

ಆ ಇಲ್ಲದ ಎರಡು ಹಲ್ಲುಗಳಲ್ಲೇ ಇಡೀ ಪ್ರಾಣಿಯ ಬದುಕು ಅಡಗಿದೆ. ಕರಡಿ ಮೂರು ನಾಲ್ಕು ಇಂಚು ಉದ್ದದ ಉಗುರುಗಳಿಂದ ಹುತ್ತವನ್ನು ಅಗೆಯುತ್ತದೆ. ಮೂತಿಯನ್ನು ರಂಧ್ರಕ್ಕಿಟ್ಟು ಮೊದಲು ಊದಿ ಮಣ್ಣು ಹಾರಿಸುತ್ತದೆ. ಆಮೇಲೆ ಮೂಗಿನ ಹೊಳ್ಳೆಗಳನ್ನು ಮುಚ್ಚಿಕೊಂಡು, ತುಟಿಗಳನ್ನು ಕೊಳವೆಯಂತೆ ಮುಂದೆ ಚಾಚಿ, ಹಲ್ಲಿಲ್ಲದ ಆ ಸಂದಿಯ ಮೂಲಕ ಗೆದ್ದಲುಗಳನ್ನು ಜೋರಾಗಿ ಹೀರುತ್ತದೆ. ಈ ಊದುವ, ಹೀರುವ ಸದ್ದು ನೂರು ಮೀಟರ್ ದೂರಕ್ಕೂ ಕೇಳಿಸುತ್ತದೆ. ಗೆದ್ದಲು, ಇರುವೆ, ಜೇನು, ಇವುಗಳ ಜೊತೆಗೆ ಕಾಲಕಾಲಕ್ಕೆ ಬಾರಿಹಣ್ಣು, ಕಾರೆಹಣ್ಣು, ಈಚಲ ಹಣ್ಣು, ನೇರಳೆ, ಕಕ್ಕೆಕಾಯಿ. ಗುಡ್ಡದ ಕೆಳಗಿನ ಹೊಲದಲ್ಲಿ ಶೇಂಗಾ, ಮೆಕ್ಕೆಜೋಳ, ಕಲ್ಲಂಗಡಿ ಇದ್ದರೆ ಅದನ್ನೂ ಬಿಡುವುದಿಲ್ಲ. ಈ ಪಟ್ಟಿಯಲ್ಲಿ ಮನುಷ್ಯ ಇಲ್ಲ ಎಂಬುದನ್ನು ಗಮನಿಸಿ. ಕರಡಿ ನಿಮ್ಮನ್ನು ಬೇಟೆಯೆಂದು ನೋಡುವುದಿಲ್ಲ.

ಹಾಗಿದ್ದರೆ ಮೈಮೇಲೆ ಏಕೆ ಬೀಳುತ್ತದೆ? ಹುತ್ತದೊಳಗೆ ತಲೆಯಿಟ್ಟು ಸದ್ದು ಮಾಡುತ್ತ ಹೀರುತ್ತಿರುವ ಕರಡಿಯ ಸ್ಥಿತಿಯನ್ನು ಊಹಿಸಿಕೊಳ್ಳಿ. ಮೊದಲೇ ಅದರ ದೃಷ್ಟಿ ಮಂದ, ಕಿವಿಯೂ ಅಷ್ಟು ಚುರುಕಲ್ಲ. ನಂಬಿರುವುದು ಮೂಗನ್ನು. ಆ ಮೂಗು ಈಗ ಮಣ್ಣಿನೊಳಗಿದೆ, ಹೊಳ್ಳೆಗಳು ಮುಚ್ಚಿವೆ. ಗಾಳಿ ಕರಡಿಯ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿದ್ದರಂತೂ ನಿಮ್ಮ ವಾಸನೆ ಅದನ್ನು ಮುಟ್ಟುವುದೇ ಇಲ್ಲ. ನೀವು ಬರಿಗಾಲಲ್ಲೋ ಚಪ್ಪಲಿಯಲ್ಲೋ ಸದ್ದಿಲ್ಲದೆ ಬಂದಿರಿ. ಹತ್ತು ಹೆಜ್ಜೆ ದೂರದಲ್ಲಿ ಅದು ತಲೆ ಎತ್ತಿತು. ನಿಮಗಾದ ಗಾಬರಿಯಷ್ಟೇ ಅದಕ್ಕೂ ಆಗುತ್ತದೆ. ಆದರೆ ಗಾಬರಿಯಾದಾಗ ಏನು ಮಾಡಬೇಕೆಂದು ಅದರ ವಂಶ ಕಲಿತಿರುವ ಪಾಠವೇ ಬೇರೆ.

ಇಲ್ಲಿ ಸ್ವಲ್ಪ ದೂರದ ದೇಶಕ್ಕೆ ಹೋಗಿಬರೋಣ. ಕೆನಡಾ, ಅಲಾಸ್ಕಾಗಳ ಉತ್ತರದ ಕಾಡುಗಳಲ್ಲಿ ಸರ್ವೆ ಮಾಡುವವರು, ಮರ ಕಡಿಯುವವರು, ಭೂವಿಜ್ಞಾನಿಗಳು ಕರಡಿಗಳ ನಡುವೆಯೇ ಕೆಲಸ ಮಾಡುತ್ತಾರೆ. ಅಲ್ಲಿ ಎರಡು ಮುಖ್ಯ ಜಾತಿಗಳು: ಕಪ್ಪು ಕರಡಿ, ಕಂದು ಕರಡಿ. ಕಪ್ಪು ಕರಡಿ ಹೆದರಿದರೆ ಸಾಮಾನ್ಯವಾಗಿ ಮರಿಗಳನ್ನು ಮರಕ್ಕೆ ಹತ್ತಿಸುತ್ತದೆ, ಇಲ್ಲವೇ ಓಡಿಹೋಗುತ್ತದೆ. ಕಂದು ಕರಡಿ ತಿರುಗಿ ಬೀಳುತ್ತದೆ. 1985ರಲ್ಲಿ ಕರಡಿ ದಾಳಿಗಳ ಬಗ್ಗೆ ಹೆಸರಾಂತ ಪುಸ್ತಕ ಬರೆದ ಕೆನಡಾದ ಸ್ಟೀಫನ್ ಹೆರೆರೊ ಇದಕ್ಕೆ ಒಂದು ಕಾರಣ ಸೂಚಿಸಿದ್ದರು. ಕಪ್ಪು ಕರಡಿ ದಟ್ಟ ಕಾಡಿನಲ್ಲಿ ವಿಕಾಸಗೊಂಡ ಪ್ರಾಣಿ; ಹತ್ತಲು ಮರವಿತ್ತು. ಕಂದು ಕರಡಿ ಮರಗಳಿಲ್ಲದ ಬಯಲಿನದು. ಅಲ್ಲಿ ಮರಿಯನ್ನು ಉಳಿಸಿಕೊಳ್ಳಲು ಎದುರಿಸಿ ನಿಲ್ಲುವುದೇ ದಾರಿ.

ನಮ್ಮ ಕರಡಿಯ ಹಗೆ ಇನ್ನೂ ದೊಡ್ಡದು. ಲಕ್ಷಾಂತರ ವರ್ಷ ಅದು ಹುಲಿಯ ಜೊತೆ ಬದುಕಿದೆ. ಹುಲಿಯೆದುರು ಓಡಿದರೆ ಹುಲಿ ಹಿಡಿಯುತ್ತದೆ. ಮರ ಹತ್ತಿದರೆ ಚಿರತೆಯೂ ಹತ್ತುತ್ತದೆ. ಉಳಿದದ್ದು ಒಂದೇ ಉಪಾಯ: ಅಬ್ಬರಿಸಿ ಮೊದಲು ತಾನೇ ಮೇಲೆ ಬೀಳುವುದು. ಮರಿಗಳನ್ನು ತಾಯಿ ಮರಕ್ಕೆ ಹತ್ತಿಸುವುದಿಲ್ಲ, ಬೆನ್ನ ಮೇಲೆ ಹೊತ್ತು ತಿರುಗುತ್ತದೆ. ಕರಡಿ ಜಾತಿಗಳಲ್ಲಿ ಇದು ಇದರದೇ ವಿಶೇಷ. ಹುಲಿ ಈ ಗುಡ್ಡಗಳಿಂದ ಯಾವತ್ತೋ ಮರೆಯಾಗಿದೆ. ಆದರೆ ಕರಡಿಯ ಮಿದುಳು ಅದನ್ನು ಮರೆತಿಲ್ಲ. ಹತ್ತು ಹೆಜ್ಜೆ ದೂರದಲ್ಲಿ ಏಕಾಏಕಿ ಕಾಣಿಸಿಕೊಂಡ ನೀವು, ಆ ಒಂದು ಕ್ಷಣದ ಮಟ್ಟಿಗೆ, ಅದರ ಪಾಲಿನ ಹುಲಿ.

ಇದು ಮಾತಿನ ಅಲಂಕಾರವಲ್ಲ, ಜನ ತೆತ್ತ ಬೆಲೆ ದೊಡ್ಡದು. ಅಂದಿನ ಮಧ್ಯಪ್ರದೇಶದಲ್ಲಿ 1989ರ ಏಪ್ರಿಲಿನಿಂದ 1994ರ ಮಾರ್ಚ್‌ವರೆಗೆ ಕರಡಿಗೆ ಸಿಕ್ಕವರು 735 ಜನ; ಸತ್ತವರು 48. ಈಗಿನ ಛತ್ತೀಸಗಡದ ಉತ್ತರ ಬಿಲಾಸ್ಪುರ ಅರಣ್ಯ ವಿಭಾಗವೊಂದರಲ್ಲೇ 1998ರ ಏಪ್ರಿಲಿನಿಂದ 2000ದ ಡಿಸೆಂಬರ್ ತನಕ 137 ದಾಳಿಗಳು, 11 ಸಾವು. ಲೆಕ್ಕ ಹಾಕಿ ನೋಡಿ: ನೂರರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಮಂದಿ ಬದುಕುತ್ತಾರೆ. ಹೇಗೆ ಬದುಕುತ್ತಾರೆ ಎಂಬುದು ಬೇರೆ ಪ್ರಶ್ನೆ. ಕರಡಿ ಬಹಳ ಸಲ ಗಾಯ ಮಾಡುವುದು ತಲೆಗೆ, ಮುಖಕ್ಕೆ. ಕಣ್ಣು, ಮೂಗು ಕಳೆದುಕೊಂಡು, ಕನ್ನಡಿ ನೋಡಲಾಗದೆ, ಮದುವೆ ಮುಂಜಿಗಳಿಗೆ ಹೋಗಲೂ ಹಿಂಜರಿಯುತ್ತ ಉಳಿದ ಆಯುಷ್ಯ ಕಳೆಯುವವರಿದ್ದಾರೆ. ದಾಳಿಯ ಸುದ್ದಿ ಪತ್ರಿಕೆಯಲ್ಲಿ ಮೂರು ಸಾಲಿನಲ್ಲಿ ಮುಗಿಯುತ್ತದೆ, ಇವರ ಪಾಡು ಮುಗಿಯುವುದಿಲ್ಲ.

ಯಾವ ಹೊತ್ತಿನಲ್ಲಿ ಎಚ್ಚರ ಬೇಕು? ಕರಡಿ ಸಂಜೆ ಗವಿ ಬಿಟ್ಟು ಇಳಿದು, ರಾತ್ರಿಯೆಲ್ಲ ಮೇಯ್ದು, ಬೆಳಗಿನ ಜಾವ ಮರಳುತ್ತದೆ. ಮನುಷ್ಯರು ತಂಬಿಗೆ ಹಿಡಿದು ಬಯಲಿಗೆ ಹೋಗುವುದು, ಹೊಲಕ್ಕೆ ಹೊರಡುವುದು, ಕುರಿ ಬಿಡುವುದು ಅದೇ ಬೆಳಗಿನ ಜಾವದಲ್ಲಿ. ಅಂದರೆ ಒಂದೇ ಕಾಲುದಾರಿಯಲ್ಲಿ ಇಬ್ಬರ ಪಾಳಿ ಬದಲಾಗುವ ಹೊತ್ತು ಅದು. ಚಳಿಗಾಲದಲ್ಲಿ ಇನ್ನೊಂದು ಕಾರಣ ಸೇರುತ್ತದೆ. ಹೆಣ್ಣು ಕರಡಿ ಹೆಚ್ಚಾಗಿ ನವೆಂಬರಿನಿಂದ ಜನವರಿಯೊಳಗೆ ಗವಿಯಲ್ಲಿ ಮರಿ ಹಾಕುತ್ತದೆ. ಎರಡು ಮೂರು ತಿಂಗಳಾದ ಮೇಲೆ ಮರಿ ಹೊತ್ತು ಹೊರಬರುತ್ತದೆ. ಮರಿಯಿರುವ ತಾಯಿ ಯಾವ ಸಂದೇಹಕ್ಕೂ ಕಾಯುವುದಿಲ್ಲ. ಬಾರಿಹಣ್ಣು ಉದುರುವುದೂ ಅದೇ ಕಾಲಕ್ಕೆ. ಹಣ್ಣು ಆರಿಸಲು ಗುಡ್ಡಕ್ಕೆ ಹೋಗುವ ಮಕ್ಕಳೇ, ಇದು ನಿಮಗೆ. ಇನ್ನು ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದಾಗ ನಿಮ್ಮ ಅಪ್ಪನೋ ಕಾಕಾನೋ ಬ್ಯಾಟರಿ ಹಿಡಿದು ಒಬ್ಬರೇ ನೀರು ಕಟ್ಟಲು ಹೋಗುತ್ತಾರಲ್ಲ, ಗುಡ್ಡದಂಚಿನ ಊರುಗಳಲ್ಲಿ ಅದೂ ಅಪಾಯದ ಹೊತ್ತೇ. ಅಂಥ ಊರುಗಳಿಗೆ ಹಗಲು ಕರೆಂಟು ಕೊಡುವುದು ಹತ್ತು ಬೋನು ತಂದಿಡುವುದಕ್ಕಿಂತ ಹೆಚ್ಚು ಉಪಯೋಗ ಎಂದು ನನ್ನ ಅಭಿಪ್ರಾಯ.

ಈಗ ಆ ಐದು ನಿಮಿಷಕ್ಕೆ ಬರೋಣ. ಕರಡಿಗೆ ಗಾಬರಿಯಾಗಬಾರದು ಎಂದರೆ ನೀವು ಬರುವುದು ಅದಕ್ಕೆ ದೂರದಿಂದಲೇ ಗೊತ್ತಾಗಬೇಕು. ಗೊತ್ತಾದರೆ ಹೆಚ್ಚಿನ ಸಲ ಅದೇ ದಾರಿ ಬಿಟ್ಟು ಸರಿಯುತ್ತದೆ. ಗುಡ್ಡದ ದಾರಿಯಲ್ಲಿ ಒಬ್ಬರೇ ಹೋಗಬೇಡಿ. ಇಬ್ಬರು ಮೂವರು ಜೋರಾಗಿ ಮಾತಾಡುತ್ತ ಹೋಗಿ. ಒಬ್ಬರೇ ಇದ್ದರೆ ಕೆಮ್ಮಿ, ಹಾಡಿ, ಕೋಲನ್ನು ಕಲ್ಲಿಗೆ ಬಡಿಯುತ್ತ ನಡೆಯಿರಿ. ಕುರಿ ಕಾಯುವ ಹಿರಿಯರು ಹುರ್ರ್ ಎಂದು ಕೂಗುತ್ತ, ಕೋಲು ಕುಟ್ಟುತ್ತ ನಡೆಯುವುದು ಕುರಿಗಳಿಗಾಗಿ ಮಾತ್ರ ಎಂದುಕೊಳ್ಳಬೇಡಿ. ಕೆನಡಾದ ಸರ್ವೆಯವರಿಗೂ ಕೊಡುವ ಮೊದಲ ಸೂಚನೆ ಇದೇ: ಸದ್ದು ಮಾಡುತ್ತ ನಡೆಯಿರಿ. ಅವರ ಸೊಂಟದಲ್ಲಿ ಮೆಣಸಿನ ಖಾರದ ತುಂತುರು ಚಿಮ್ಮುವ ಡಬ್ಬಿಯೂ ಇರುತ್ತದೆ. ಅದು ಕೊನೆಯ ಉಪಾಯ. ಹಳ್ಳದ ನೀರು ಭೋರ್ಗರೆಯುವಲ್ಲಿ, ಗಾಳಿ ಜೋರಿರುವಲ್ಲಿ, ಪೊದೆ ಕವಿದ ತಿರುವಿನಲ್ಲಿ ನಿಮ್ಮ ದನಿ ಅದಕ್ಕೆ ತಲುಪುವುದಿಲ್ಲ, ಅಲ್ಲಿ ಇನ್ನೂ ಜೋರಾಗಿ ಕೂಗಿ. ಹೊಸದಾಗಿ ಅಗೆದ ಹುತ್ತ, ಹಣ್ಣಿನ ಬೀಜ ತುಂಬಿದ ಲದ್ದಿ ಕಂಡರೆ ಆ ದಾರಿ ಬಿಡಿ. ನಾಯಿಯನ್ನು ಬಿಟ್ಟುಕೊಂಡು ಹೋಗುವುದು ಒಳ್ಳೆಯದಲ್ಲ. ಅದು ಕರಡಿಯನ್ನು ಕೆಣಕುತ್ತದೆ, ಹೆದರಿ ನಿಮ್ಮ ಕಡೆಗೇ ಓಡಿ ಬರುತ್ತದೆ, ಹಿಂದೆಯೇ ಕರಡಿಯೂ ಬರುತ್ತದೆ.

ದೂರದಲ್ಲಿ ಕಂಡಿತು ಎನ್ನಿ. ನಿಂತುಬಿಡಿ. ಓಡಬೇಡಿ, ಕಲ್ಲೆಸೆಯಬೇಡಿ. ಬಂದ ದಾರಿಯಲ್ಲೇ ನಿಧಾನವಾಗಿ ಹಿಂದೆ ಸರಿಯಿರಿ. ಅದು ಹಿಂಗಾಲ ಮೇಲೆ ಎದ್ದು ನಿಂತರೆ ದಾಳಿಯ ಸೂಚನೆಯೆಂದು ತಿಳಿಯಬೇಡಿ. ಬಂದವರು ಯಾರು ಎಂದು ಮೂಸಿ ತಿಳಿಯುವ ಪ್ರಯತ್ನ ಅದು. ಟೀವಿಯಲ್ಲಿ ಕೆಲಸ ಮಾಡುವ ನಮ್ಮ ಮಂದಿಯ ಗುಟ್ಟೊಂದನ್ನು ಇಲ್ಲಿ ಹೇಳಬಹುದು. ಎದ್ದು ನಿಂತ ಕರಡಿಯ ಚಿತ್ರಕ್ಕೆ ಗರ್ಜನೆಯ ಸದ್ದನ್ನು ಆಮೇಲೆ ಸ್ಟುಡಿಯೋದಲ್ಲಿ ಜೋಡಿಸುವುದುಂಟು. ನೋಡಿದವರಿಗೆ ಅದು ಈಗಲೇ ಎರಗುತ್ತದೆ ಎನ್ನಿಸುತ್ತದೆ. ಅಂಥ ಚಿತ್ರ ನೋಡಿ ಕಲಿತವರು ನಿಜವಾದ ಕರಡಿ ಎದ್ದು ನಿಂತಾಗ ಬೆನ್ನು ತಿರುಗಿಸಿ ಓಡುತ್ತಾರೆ. ಮಾಡಬಾರದ್ದು ಅದೊಂದೇ.

ನುಗ್ಗಿಯೇ ಬಂದರೆ? ಆಗಲೂ ಓಟ ಬೇಡ. ಕೈಯಲ್ಲಿ ಕೋಲಿದ್ದರೆ, ಕೊಡೆಯಿದ್ದರೆ, ಬುಟ್ಟಿಯಿದ್ದರೆ ಅದನ್ನು ನಡುವೆ ಹಿಡಿದು ಗಟ್ಟಿಯಾಗಿ ಕೂಗಿ. ಮೈಮೇಲೆ ಬಿದ್ದೇ ಬಿಟ್ಟಿತು ಎಂದಾದರೆ ಬೋರಲು ಮಲಗಿ, ಮುಖವನ್ನು ನೆಲಕ್ಕೊತ್ತಿ, ಎರಡೂ ಕೈಬೆರಳುಗಳನ್ನು ಹೆಣೆದು ಕುತ್ತಿಗೆಯ ಹಿಂಭಾಗವನ್ನು ಮುಚ್ಚಿಕೊಳ್ಳಿ, ಮೊಳಕೈಗಳಿಂದ ಕೆನ್ನೆಗಳನ್ನು ಮರೆಮಾಡಿ. ಹೊರಳಾಡಬೇಡಿ. ನೀವು ಇನ್ನು ಅಪಾಯವಲ್ಲ ಎಂದು ಅದಕ್ಕೆ ಅನ್ನಿಸಿದರೆ ಬಿಟ್ಟುಹೋಗುತ್ತದೆ. ಅದು ದೂರ ಸರಿಯುವ ತನಕ ಏಳಬೇಡಿ. ನೆಲಕ್ಕೆ ಬಿದ್ದ ಗೆಳೆಯನ ಕಥೆಯಲ್ಲಿ ಇರುವ ಸತ್ಯ ಇಷ್ಟೇ, ಉಸಿರು ಕಟ್ಟುವ ಅಗತ್ಯವೇನೂ ಇಲ್ಲ.

ಊರೊಳಗೆ ಕರಡಿ ಬಂದಾಗಿನ ಮಾತು ಬೇರೆ. ಮೇವು ಅರಸಿ ಇಳಿದದ್ದು ಬೆಳಕು ಹರಿದದ್ದರಿಂದ ಮರಳಲಾಗದೆ ಕಬ್ಬಿನ ಗದ್ದೆಯಲ್ಲೋ ಹಳ್ಳದ ಜಾಲಿಯಲ್ಲೋ ಸೇರಿಕೊಂಡಿರುತ್ತದೆ. ಸುದ್ದಿ ಹಬ್ಬುತ್ತದೆ. ನೂರಾರು ಜನ ಸುತ್ತ ನಿಲ್ಲುತ್ತಾರೆ. ಮೊಬೈಲುಗಳು ಮೇಲೇಳುತ್ತವೆ, ಕಲ್ಲು ಬೀಳುತ್ತವೆ. ಕಣ್ಣು ಮಂದವಾದ ಪ್ರಾಣಿ ಎಲ್ಲ ದಿಕ್ಕಿನಿಂದಲೂ ಕೂಗು ಕೇಳಿ ಸಿಕ್ಕ ಕಡೆ ನುಗ್ಗುತ್ತದೆ. ಗಾಯಗೊಳ್ಳುವವರು ಹೆಚ್ಚಾಗಿ ನೋಡಲು ಬಂದವರೇ. ಇಂಥಲ್ಲಿ ಬೇಕಾದ್ದು ಶೌರ್ಯವಲ್ಲ. ಗುಡ್ಡದ ಕಡೆಯ ದಾರಿಯನ್ನು ಖಾಲಿ ಬಿಟ್ಟು, ಮಕ್ಕಳನ್ನು ಒಳಗೆ ಕೂಡಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೋ 112ಕ್ಕೋ ತಿಳಿಸಿ ಕತ್ತಲಾಗುವ ತನಕ ಸುಮ್ಮನಿರುವುದು. ಎಷ್ಟೋ ಸಲ ರಾತ್ರಿ ಅದು ತಾನಾಗಿಯೇ ಹೊರಟುಹೋಗುತ್ತದೆ.

ಕರಡಿಯ ಪಾಲಿಗೂ ನಾವು ಸಣ್ಣ ಅಪಾಯವಲ್ಲ. ಮೂಗಿಗೆ ಹಗ್ಗ ಪೋಣಿಸಿದ ಕರಡಿಯನ್ನು ಖಲಂದರರು ಬೀದಿಯಲ್ಲಿ ಕುಣಿಸುತ್ತಿದ್ದುದು, ಹೆದರುವ ಮಕ್ಕಳಿಗೆ ಅದರ ಕೂದಲಿನ ತಾಯತ ಕಟ್ಟಿಸುತ್ತಿದ್ದುದು ನಿಮ್ಮ ಅಜ್ಜ ಅಜ್ಜಿಯರಿಗೆ ನೆನಪಿರುತ್ತದೆ. ಆ ಆಟ 2009ರ ಹೊತ್ತಿಗೆ ನಿಂತಿತು. ಬಿಡಿಸಿ ತಂದ ಕರಡಿಗಳಿಗೆ ಬನ್ನೇರುಘಟ್ಟದಲ್ಲಿ ಆಶ್ರಯ ಸಿಕ್ಕಿತು. ಬಳ್ಳಾರಿ ಸೀಮೆಯ ದರೋಜಿಯಲ್ಲಿ 1994ರಲ್ಲಿ ಕರಡಿಧಾಮವಾಯಿತು. ಏಷ್ಯದಲ್ಲೇ ಮೊದಲನೆಯದು ಎಂದು ಕೆಲವೆಡೆ ಬರೆಯುತ್ತಾರೆ, ಸರಿಯಲ್ಲ. ಗುಜರಾತಿನ ಜೆಸ್ಸೋರ್ 1978ರಲ್ಲೇ ಆಗಿತ್ತು. 2013ರಲ್ಲಿ ಗುಡೇಕೋಟೆಯದೂ ಸೇರಿತು. ಆದರೆ ಧಾಮದ ಗಡಿ ಕರಡಿಗೆ ತಿಳಿಯದು. ಧಾಮದ ಹೊರಗಿನ ಗುಡ್ಡಗಳಲ್ಲಿ ಕಲ್ಲು ಕ್ವಾರಿಗೆ ಗವಿಗಳು ಹೋಗುತ್ತಿವೆ, ಹಂದಿಗೆಂದು ಇಟ್ಟ ಉರುಲಿಗೆ ಕರಡಿ ಬೀಳುತ್ತದೆ. ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿ ಹುಲಿಯ ಜೊತೆಗೇ ಇರುವ ಪ್ರಾಣಿ ಇದು.

ಯಾರಿಗಾದರೂ ಗಾಯವಾದರೆ ಗಾಯವನ್ನು ಸೋಪು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ, ರಕ್ತ ಸುರಿಯುತ್ತಿದ್ದರೆ ಮೊದಲು ಶುದ್ಧ ಬಟ್ಟೆ ಒತ್ತಿ ಹಿಡಿಯಿರಿ, 108ಕ್ಕೆ ಕರೆ ಮಾಡಿ. ಅರಿಶಿನ, ಸುಣ್ಣ, ತಂಬಾಕು ಮೆತ್ತಬೇಡಿ. ನಾಯಿ ಕಚ್ಚಿದಾಗ ಕೊಡುವಂತೆ ರೇಬಿಸ್ ಲಸಿಕೆಯೂ ಧನುರ್ವಾಯು ಚುಚ್ಚುಮದ್ದೂ ಬೇಕು. ಡಾಕ್ಟರನ್ನು ಕೇಳಲು ಸಂಕೋಚ ಬೇಡ. ಅರಣ್ಯ ಇಲಾಖೆಯಿಂದ ಪರಿಹಾರ ಸಿಗುತ್ತದೆ. ಆದ್ದರಿಂದ ದಿನ, ಹೊತ್ತು, ಜಾಗ ಬರೆದಿಟ್ಟು ಆಸ್ಪತ್ರೆಯ ಕಾಗದಗಳನ್ನು ಜೋಪಾನವಾಗಿಡಿ.

ಗುಡ್ಡದ ಸಮೀಪದ ಶಾಲೆಯವರಿಗೆ ಒಂದು ಕೆಲಸ. ನಿಮ್ಮೂರಿನ ನಕ್ಷೆ ಬರೆಯಿರಿ. ಹುತ್ತಗಳು, ಬಾರಿ ಗಿಡಗಳು, ಈಚಲ ಮರಗಳು, ನೀರಿನ ಗುಂಡಿ, ಗವಿಯಿರುವ ಬಂಡೆಗಳನ್ನು ಅದರಲ್ಲಿ ಗುರುತು ಮಾಡಿ. ಇವನ್ನು ತಿಳಿಯಲು ಗುಡ್ಡ ಹತ್ತಬೇಡಿ, ಕುರಿ ಕಾಯುವ ಹಿರಿಯರನ್ನು ಕೇಳಿ. ಆಮೇಲೆ ಬೇರೆ ಬಣ್ಣದಲ್ಲಿ ಜನ ಬೆಳಗಿನ ಜಾವ ನಡೆಯುವ ಕಾಲುದಾರಿಗಳನ್ನು ಎಳೆಯಿರಿ. ಎರಡು ಬಣ್ಣಗಳು ಎಲ್ಲೆಲ್ಲಿ ಕೂಡುತ್ತವೆಯೋ ಅಲ್ಲೆಲ್ಲ ಸುತ್ತು ಹಾಕಿ, ಆ ನಕ್ಷೆಯನ್ನು ಗ್ರಾಮ ಪಂಚಾಯ್ತಿಗೆ ಒಯ್ದು ಕೊಡಿ. ಬೀದಿದೀಪ ಮೊದಲು ಎಲ್ಲಿ ಬೇಕು, ಶೌಚಾಲಯ ಯಾರ ಮನೆಗೆ ಮೊದಲು ಬೇಕು ಎಂಬುದು ಅದರಲ್ಲಿ ಕಾಣುತ್ತದೆ.